ಜೀವಕೋಶದೊಳಗಣ ಪದಚ್ಛೇದ

ಕನ್ನಡದಲ್ಲಿ ಶಾಸ್ತ್ರವಿಷಯವನ್ನು ಬರೆಯುವವರಿಗೆ ರೈಬೋಸೋಮ್ ಎಂಬ ಸೂಕ್ಷ್ಮಕಣವು ಎದುರಾದೊಡನೆ ಲೇಖನಿಯು ತಾನಾಗಿಯೇ ‘ಪ್ರೋಟೀನಿನ ಕಾರ್ಖಾನೆ’ ಎಂದು ಬರೆದುಬಿಡುವುದು. ಮಾತು ಸುಳ್ಳಲ್ಲ, ಆದರೆ ವಿಷಯದ ಅರ್ಧವನ್ನು ಹೇಳಿ ಸ್ವಾರಸ್ಯವಾದ ಅರ್ಧವನ್ನು ಮರೆಸುವುದು. ಕಾರ್ಖಾನೆಯು ಮಾಡುತ್ತದೆಯೇ ಹೊರತು ಓದುವುದಿಲ್ಲ. ಈ ಕಣವಾದರೋ ಓದಿಯೇ ಮಾಡತಕ್ಕದ್ದು.

ಇದಕ್ಕೊಪ್ಪುವ ಉಪಮಾನವು ಬೆಂಗಳೂರಿಗೆ ದೂರವಾದುದಲ್ಲ. ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. 1939ರಲ್ಲಿ ‘ಜೀವವಿಜ್ಞಾನ’ವನ್ನು ಪ್ರಕಟಿಸಿದರು. ಸಾಹಿತ್ಯ ಪರಿಷತ್ತು 1931ರಲ್ಲಿ ಹೊರತಂದ ಪಂಪಭಾರತದ ಪರಿಷ್ಕರಣದಲ್ಲಿಯೂ ಅವರ ಕೈಯಿತ್ತು. ಅವರ ಶಾಸ್ತ್ರಗ್ರಂಥದಲ್ಲಿ ರೈಬೋಸೋಮಿಗೆ ಎಡೆಯಿರಲು ಸಾಧ್ಯವಿರಲಿಲ್ಲ. ಜಾರ್ಜ್ ಪಲಾಡೆಯವರು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಆ ಕಣಗಳನ್ನು ಕಂಡು ವರ್ಣಿಸಿದುದು 1955ರಲ್ಲಿ, ಹೆಸರು ಬಂದುದು 1958ರಲ್ಲಿ. (ಆ ಹೆಸರಿನ ‘ಸೋಮ’ನು ಚಂದ್ರನೂ ಅಲ್ಲ, ಸೋಮರಸವೂ ಅಲ್ಲ, ಗ್ರೀಕಿನಲ್ಲಿ ದೇಹವೆಂದರ್ಥ.) ಆದರೂ ಈ ಕಣದ ವ್ಯಾಪಾರವು ತಿಳಿಯಬೇಕಾದರೆ ‘ಜೀವವಿಜ್ಞಾನ’ಕ್ಕಿಂತ ಆ ಗ್ರಂಥಸಂಪಾದನೆಯೇ ಹತ್ತಿರದ ದಾರಿ.

ತಾಳೆಯೋಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಎಲ್ಲಿ ಆರಂಭಿಸಿ ಎಲ್ಲಿ ಬಿಡಿಸಬೇಕೆಂಬುದು ಓದುವವನ ಹೊಣೆ. ಎಂ-ಆರ್‌ಎನ್‌ಎ ಎಂಬ ಸಂದೇಶದೋಲೆಯೂ ಅಂತಹುದೇ. ಅದರಲ್ಲಿರುವುದು ನಾಲ್ಕೇ ಅಕ್ಷರ, ಓದಬೇಕಾದುದು ಮೂರು ಮೂರಾಗಿ. ‘ಕಮಲನಯನಮದನ’ ಎಂಬುದನ್ನು ಹಾಗೆ ಬಿಡಿಸಿದರೆ ಕಮಲ, ನಯನ, ಮದನ. ಮೊದಲ ಅಕ್ಷರವೊಂದು ತಪ್ಪಿದರೆ ಮಲನ, ಯನಮ, ಕಡೆಗೆ ಉಳಿಯುವುದು ದನ! ಕೋಶದಲ್ಲಿ ಇಂತಹ ತಪ್ಪಾದರೆ ಹುಟ್ಟುವ ಪ್ರೋಟೀನು ಸಾಮಾನ್ಯವಾಗಿ ಯಾವ ಕೆಲಸಕ್ಕೂ ಬಾರದು. ಅರುವತ್ತನಾಲ್ಕು ತ್ರಿಪದಿಗಳಲ್ಲಿ 61ಕ್ಕೆ ಅರ್ಥವುಂಟು, ಮೂರು ಪೂರ್ಣವಿರಾಮಗಳು. ಸರಿಯಾದ ಆರಂಭಸ್ಥಾನವನ್ನು ಗೊತ್ತುಮಾಡುವುದರಲ್ಲಿ ಒಂದು ವಿಶೇಷವಾದ ಟಿ-ಆರ್‌ಎನ್‌ಎಗೆ ಪಾತ್ರವುಂಟು; ಅದರ ಕಾಂಡದಲ್ಲಿ ಒಂದರ ಮೇಲೊಂದಾಗಿರುವ ಮೂರು ಜಿ–ಸಿ ಜೋಡಿಗಳ ಮಹತ್ವವನ್ನು ಕುರಿತು ಮಲ್ಲೇಶ್ವರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ ವಾರ್ಷ್ಣೇಯರು ಬಹುಕಾಲ ಸಂಶೋಧನೆ ನಡೆಸಿದ್ದಾರೆ.

ಇನ್ನು ವಿಜ್ಞಾನಿಗಳು ತಾವೇ ಬಳಸುವ ‘ಭಾಷಾಂತರ’ವೆಂಬ ಮಾತು. ಇದು ಕಾರ್ಖಾನೆಗಿಂತ ಮೇಲು; ಆದರೆ ಇದರಲ್ಲಿಯೂ ಒಂದು ಮೋಸವಿದೆ. ರೈಬೋಸೋಮಿಗೆ ಎರಡನೆಯ ಭಾಷೆ ಬಾರದು. ಇಂಥ ತ್ರಿಪದಿಗೆ ಇಂಥ ಅಮೈನೋ ಆಮ್ಲವೆಂಬ ಅರ್ಥವು ಟಿ-ಆರ್‌ಎನ್‌ಎಯ ಬೆನ್ನಿಗೆ ಬೇರೊಂದು ಕಿಣ್ವದಿಂದ ಮೊದಲೇ ಹೊರಿಸಲ್ಪಟ್ಟಿರುವುದು. ರೈಬೋಸೋಮ್ ನೋಡುವುದು ಅಕ್ಷರಕ್ಕೆ ಅಕ್ಷರ ಹೊಂದಿತೇ ಎಂಬುದನ್ನಷ್ಟೇ. ಗಮಕಿಯು ಪದಚ್ಛೇದ ಕೆಡದಂತೆ ಓದುವನು, ಅರ್ಥವನ್ನು ಪಕ್ಕದ ವ್ಯಾಖ್ಯಾನಕಾರನು ಹೇಳುವನು. ಬಸವನಗುಡಿಯ ಗಮಕವಾಚನಗಳನ್ನು ಕೇಳಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಬ್ಯಾಕ್ಟೀರಿಯದ ಗಮಕಿಯಂತೂ ಸೆಕೆಂಡಿಗೆ ಹದಿನೈದಿಪ್ಪತ್ತು ಪದಗಳನ್ನು ಓದಿ, ಕೆಲವು ಸಾವಿರಕ್ಕೊಮ್ಮೆ ಮಾತ್ರ ಎಡವುವುದು.

ಉಪಮಾನದ ಆಯ್ಕೆಯು ಬರಿಯ ಅಲಂಕಾರದ ಪ್ರಶ್ನೆಯಲ್ಲವೆಂಬುದಕ್ಕೆ ಕ್ಷಯರೋಗದ ಔಷಧವೇ ಸಾಕ್ಷಿ. 1944ರಲ್ಲಿ ಪ್ರಕಟವಾದ ಸ್ಟ್ರೆಪ್ಟೋಮೈಸಿನ್ ಬ್ಯಾಕ್ಟೀರಿಯದ ರೈಬೋಸೋಮಿನ ಚಿಕ್ಕ ಭಾಗವಾದ 30ಎಸ್‌ಗೆ ಅಂಟಿಕೊಳ್ಳುವುದು. 2000ದಲ್ಲಿ ವೆಂಕಟರಾಮನ್ ರಾಮಕೃಷ್ಣನ್ನರ ತಂಡವು ಆ ಭಾಗದ ರಚನೆಯನ್ನೂ ಔಷಧವು ಅಲ್ಲಿ ಕುಳಿತ ಬಗೆಯನ್ನೂ ತೋರಿಸಿತು. ಅವರಿಗೆ 2009ರಲ್ಲಿ ಥಾಮಸ್ ಸ್ಟೈಟ್ಸ್, ಅದಾ ಯೋನಾತ್ ಇವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಕಾರ್ಖಾನೆಯ ಮಾತನ್ನೇ ನಂಬಿದ ವಾಚಕನು, ಔಷಧವು ಯಂತ್ರವನ್ನು ನಿಲ್ಲಿಸಿತೆಂದು ಮಾತ್ರ ತಿಳಿದಾನು. ಆದರೆ ಅದು ಹೊಂದದ ಟಿ-ಆರ್‌ಎನ್‌ಎಯನ್ನೂ ಹೊಂದಿತೆಂದು ಒಪ್ಪಿಸಿ, ರೋಗಾಣುವಿನ ಓದನ್ನೇ ಕೆಡಿಸುವುದು.