ದೃಶ್ಯಕ್ಕೆ ದನಿ ಕೂಡಿಸುವ ಮುನ್ನ

ಹಳೇ ಹುಬ್ಬಳ್ಳಿಯ ನಾಲ್ಕಾರು ಹುಡುಗರು ನಮ್ಮ ಕಥೆಯೊಂದನ್ನು ಕಿರುಚಿತ್ರ ಮಾಡಿ, ತೋರಿಸಲು ಕರೆದಿದ್ದರು. ಕಥೆಯಲ್ಲಿ ತಾಯಿಯೊಬ್ಬಳು ಮಧ್ಯಾಹ್ನದ ಹೊತ್ತು ಕರೆಂಟ್ ಬಿಲ್ಲು ಹುಡುಕುತ್ತಾಳೆ. ಬಿಲ್ಲು ಸಿಗುವುದಿಲ್ಲ, ಊರು ಬಿಟ್ಟುಹೋದ ಮಗನ ಹಳೆಯ ಪತ್ರವೊಂದು ಸಿಗುತ್ತದೆ. ಇಷ್ಟೇ ದೃಶ್ಯ. ಆದರೆ ಪರದೆಯ ಮೇಲೆ ಆಕೆಯ ಮುಖ ಕಾಣುವ ಮೊದಲೇ ದೂರದ ಅಝಾನ್ ಕೇಳಿಸಿತು. ಅದರ ಬೆನ್ನಿಗೆ ಅರಬಸ್ತಾನದ ಮರಳುಗಾಡನ್ನು ನೆನಪಿಸುವ ತಂತಿವಾದ್ಯ, ಅದರ ಮೇಲೆ ಸಾರಂಗಿಯ ಅಳು. ಇದೆಲ್ಲ ಯಾಕೆಂದು ಸಂಗೀತ ಕೂಡಿಸಿದ ಹುಡುಗನನ್ನು ಕೇಳಿದೆವು. ‘ಚಾಚಾ, ಮುಸಲ್ಮಾನಾಂ ಕಾ ಘರ್ ಹೈ ಕರ್ಕೆ ಮಾಲೂಮ್ ಹೋನಾ ನಾ?’ ಎಂದ. ಮುಸಲ್ಮಾನರ ಮನೆಯೆಂದು ಗೊತ್ತಾಗಬೇಡವೇ ಎಂಬುದು ಅವನ ಪ್ರಶ್ನೆ. ಹುಡುಗನೂ ಮುಸಲ್ಮಾನನೇ.

ನಿಮ್ಮ ಮನೆಯಲ್ಲಿ ಮಧ್ಯಾಹ್ನ ಏನು ಕೇಳಿಸುತ್ತದಪ್ಪಾ ಎಂದೆವು. ಅಮ್ಮಾನ ಹೊಲಿಗೆ ಮಶೀನು, ಕುಕ್ಕರಿನ ಸೀಟಿ, ಪಕ್ಕದ ಮನೆಯ ಟಿವಿ ಎಂದು ಹೇಳಿ ನಕ್ಕ. ಆಮೇಲೆ ಸುಮ್ಮನಾದ.

ಅವನೊಬ್ಬನನ್ನು ದೂರುವುದು ತಪ್ಪಾದೀತು. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತ ಕೈ ಪಳಗಿಸಿಕೊಂಡವನು, ಉಳಿದದ್ದನ್ನು ಮೊಬೈಲಿನ ಪಾಠಗಳಿಂದ ಕಲಿತವನು. ಅವನ ಲ್ಯಾಪ್‌ಟಾಪಿನಲ್ಲಿ ದುಃಖ, ಭಯ, ಅರಬ್ಬೀ ಎಂದು ಹೆಸರು ಹಚ್ಚಿದ ಸಿದ್ಧ ತುಣುಕುಗಳಿವೆ. ಎತ್ತಿ ಅಂಟಿಸಿದರೆ ಮುಗಿಯಿತು.

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತಕ್ಕೆ ಬರವಿಲ್ಲ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು. ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಕಲಿಸಿದರು. ರಹಿಮತ್ ಖಾನರು ಧಾರವಾಡಕ್ಕೆ ಸಿತಾರವನ್ನು ತಂದು ನೆಲೆಗೊಳಿಸಿದರು. ರಾಗ ಕಲಿಯಬೇಕೆನ್ನುವವನಿಗೆ ಇಲ್ಲಿ ಗುರುಗಳಿದ್ದಾರೆ. ದೃಶ್ಯಕ್ಕೆ ಸಂಗೀತ ಕೂಡಿಸಲು ಕಲಿಯುವವನು ಮಾತ್ರ ಒಂಟಿ.

ಎರಡೂ ವಿದ್ಯೆಗಳ ಲೆಕ್ಕವೇ ಬೇರೆ. ಖಯಾಲ್ ಹಾಡುವವರು ಹೊತ್ತನ್ನು ತಮ್ಮಿಚ್ಛೆಯಂತೆ ಹಿಗ್ಗಿಸಬಲ್ಲರು. ದೃಶ್ಯದ ಹೊತ್ತನ್ನು ಬೇರೆಯವರು ಮೊದಲೇ ಕತ್ತರಿಸಿಟ್ಟಿರುತ್ತಾರೆ. ದೃಶ್ಯ 90 ಸೆಕೆಂಡಿನದು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 80 ಮಾತ್ರೆಯ ಲಯ ಹಿಡಿದರೆ 120 ಮಾತ್ರೆಗಳಾಗುತ್ತವೆ. 16 ಮಾತ್ರೆಗಳ ತೀನತಾಲದಲ್ಲಿ ಅದು ಏಳೂವರೆ ಆವರ್ತನ. ಸಮಕ್ಕೆ ಬರುವ ಮೊದಲೇ ದೃಶ್ಯ ಮುಗಿದಿರುತ್ತದೆ. ಲಯವನ್ನು ಸುಮಾರು 75ಕ್ಕೆ ಇಳಿಸಿದರೆ ಏಳು ಆವರ್ತನ ತುಂಬಿ, ತಾಯಿ ಪತ್ರ ಮಡಚುವ ಹೊತ್ತಿಗೆ ಸಮ ಸಿಗುತ್ತದೆ. ಇದನ್ನು ಯಾರೂ ಒಂದು ದಿನದಲ್ಲಿ ಕಲಿತಾರು. ಆದರೆ ಆ ತಾಯಿಗೆ ಅಲ್ಲಿ ಸಂಗೀತ ಬೇಕೇ, ಬೇಡವೇ ಎಂದು ತಿಳಿಯುವುದಕ್ಕೆ ವರ್ಷಗಳು ಬೇಕು.

ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಗೆ ಸಂಗೀತ ಕೊಟ್ಟವರು ರವಿಶಂಕರ್. ಮಗಳು ಸತ್ತದ್ದು ತಿಳಿಯದೆ ತಂದೆ ಊರಿಗೆ ಮರಳಿದಾಗ ತಾಯಿ ಬಿಕ್ಕುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಅಳುವ ದನಿ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ಏರುದನಿ ಕೇಳುತ್ತದೆ. ಅಲ್ಲಿ ಸಂಗೀತ ಅಳುವಿನ ಮೇಲೆ ಹಚ್ಚಿದ ಬಣ್ಣವಲ್ಲ, ಅದೇ ಅಳು.

ಕನ್ನಡದಲ್ಲೂ ಇಂಥ ಶಾಲೆಯೊಂದು ಇತ್ತು. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು. 2024ರಲ್ಲಿ ತೀರಿಕೊಂಡರು. ‘ಘಟಶ್ರಾದ್ಧ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಿ.ವಿ. ಕಾರಂತರು ರಂಗಭೂಮಿಯಲ್ಲಿ ಕಲ್ಲು ಕೋಲುಗಳಿಂದಲೂ ನಾದ ಹೊರಡಿಸಿದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ಗೆ ತಾವೇ ಸಂಗೀತ ಕೊಟ್ಟರು. ಅವರ ಬೆನ್ನಿಗೆ ಇದ್ದದ್ದು ಬಯಲಾಟದ ಧಾಟಿ.

ನಮಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆಯೆಂದರೆ ಟಿ.ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’. ಸಂಗೀತ ಸಿ. ಅಶ್ವಥ್ ಅವರದು. ನಮ್ಮ ಕಡೆಯ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳ ಜೊತೆ ಶರೀಫರ ಪದ ಕೇಳಿದವರಿಗೆ ಚಿತ್ರದ ಧಾಟಿಗಳು ತುಸು ನಯವಾದವು ಅನ್ನಿಸುತ್ತದೆ. ಆ ಒರಟು ಬೇಕಿತ್ತೆಂಬ ನಮ್ಮ ತಕರಾರು ಇಂದಿಗೂ ಇದೆ. ಆದರೂ ಅಶ್ವಥ್ ಒಂದು ದೊಡ್ಡ ಮಾತನ್ನು ಸಾಧಿಸಿದರು. ಪರದೆಯ ಮೇಲಿನ ಮುಸಲ್ಮಾನನಿಗೆ ಮರಳುಗಾಡಿನ ನಾದ ಎರವಲು ತರಲಿಲ್ಲ. ಶರೀಫರ ದನಿ ಶರೀಫರ ಪದಗಳಿಂದಲೇ, ಈ ಮಣ್ಣಿನ ಮಾತಿನಿಂದಲೇ ಹುಟ್ಟಿತು. ಶರೀಫರು ಮೊಹರಮ್ಮಿನ ಅಲಾವಿ ಪದಗಳನ್ನೂ ಕಟ್ಟಿದವರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಹಿಂದೂಗಳೂ ಕೂಡಿ ಕನ್ನಡದಲ್ಲಿ ಹಾಡುತ್ತಾರೆ. ಸಿದ್ಧ ತುಣುಕುಗಳ ಪೆಟ್ಟಿಗೆಯಲ್ಲಿ ಇದಕ್ಕೆ ಯಾವ ಹೆಸರು ಹಚ್ಚುವುದು?

ಇದು ಬರೀ ರುಚಿಯ ಪ್ರಶ್ನೆಯಲ್ಲ. ಸಂಭಾಷಣೆಯ ಒಂದು ಮಾತು ಚುಚ್ಚಿದರೆ ಪತ್ರ ಬರೆಯುತ್ತೇವೆ, ಪ್ರತಿಭಟಿಸುತ್ತೇವೆ. ಹಿನ್ನೆಲೆ ಸಂಗೀತಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಯಾಕೆಂದರೆ ಅದು ಮಾತೇ ಆಡುವುದಿಲ್ಲ. ಮಿನಾರೊಂದು ಕಂಡೊಡನೆ ತಳದಲ್ಲಿ ಭಾರವಾದ ನಗಾರಿ ಗುಡುಗಿದರೆ, ಆ ಓಣಿಯಲ್ಲಿ ನಡೆದು ಬರುವ ಹುಡುಗ ಹಾಲಿನ ಪಾಕೀಟು ಹಿಡಿದಿದ್ದರೂ ನೋಡುವವರ ಎದೆ ಹೆದರುತ್ತದೆ. ಯಾರಿಗೆ ಅಂಜಬೇಕು, ಯಾರಿಗೆ ಮರುಗಬೇಕು ಎಂದು ಕಣ್ಣಿಗಿಂತ ಮೊದಲು ಕಿವಿ ತೀರ್ಮಾನಿಸಿರುತ್ತದೆ. ದೃಶ್ಯಕ್ಕೆ ಸಂಗೀತ ಕೂಡಿಸುವವನು ತಾನು ತೀರ್ಪು ಬರೆಯುತ್ತಿದ್ದೇನೆಂದು ತಿಳಿದಿರಬೇಕು.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಸಂಗೀತ ಸಲ್ಲುತ್ತದೆಯೇ, ಸಲ್ಲುವುದಿಲ್ಲವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಮುಗಿದಿಲ್ಲ. ಅದು ನಡೆಯಲಿ. ಆದರೆ ಆ ಚರ್ಚೆಯ ನಡುವೆಯೇ ಈ ಕೆಲಸಕ್ಕೆ ಇಳಿದ ಹುಡುಗನ ಬಳಿ ಕೂತು, ನಿನ್ನ ಮನೆಯ ದನಿ ಇದಲ್ಲ ಎಂದು ಹೇಳಿದವರು ಎಷ್ಟು ಮಂದಿ? ಇನ್ನೊಂದು ಮಾತು. ಮನೆಗೆ ಬಂದು ನಮ್ಮ ಹಳೆಯ ಕಥೆಗಳನ್ನು ತಿರುವಿ ನೋಡಿದೆವು. ಮೂರು ಕಥೆಗಳು ಅಝಾನಿನಿಂದಲೇ ಶುರುವಾಗಿದ್ದವು. ಓದುಗರಿಗೆ ಮುಸಲ್ಮಾನರ ಮನೆಯೆಂದು ಗೊತ್ತಾಗಲಿ ಎಂದು ನಾವೇ ಹಚ್ಚಿದ ಗುರುತು ಅದು. ನಮಾಝಿಗೆ ಕರೆಯುವ ದನಿಯನ್ನು ನಾವು ಮನೆಯ ಬಾಗಿಲಿನ ಬೋರ್ಡು ಮಾಡಿಕೊಂಡಿದ್ದೆವು. ಹುಡುಗ ನಮ್ಮನ್ನೇ ಓದಿದ್ದನಲ್ಲವೇ!

ಕಲಿಯುವವರಿಗೆ ನಾವು ಹೇಳಬಹುದಾದದ್ದು ಇಷ್ಟೇ. ಮೊದಲು ದೃಶ್ಯವನ್ನು ದನಿಯಿಲ್ಲದೆ ನೋಡಿ. ಆಮೇಲೆ ಅಂಥದೇ ಒಂದು ಮನೆಯಲ್ಲಿ ಅದೇ ಹೊತ್ತಿಗೆ ಕಣ್ಣು ಮುಚ್ಚಿ ಕೂತು ಕೇಳಿ. ಅಲ್ಲಿ ಕೇಳಿಸದ್ದು ಯಾವುದಾದರೂ ನಿಮ್ಮ ಸಂಗೀತದಲ್ಲಿ ಬಂದಿದ್ದರೆ, ಅದು ಎಲ್ಲಿಂದ ಬಂತೆಂದು ನಿಮ್ಮನ್ನೇ ಕೇಳಿಕೊಳ್ಳಿ.

ಹುಡುಗ ತಿಂಗಳ ನಂತರ ಮತ್ತೆ ಕರೆದ. ತಾಯಿ ಬಿಲ್ಲು ಹುಡುಕುವಾಗ ಈಗ ಸಂಗೀತವಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಶೀನು ಓಡುತ್ತಿರುತ್ತದೆ. ಪತ್ರ ಕೈಗೆ ಬಂದಾಗ ಅದು ನಿಲ್ಲುತ್ತದೆ. ಆ ಖಾಲಿಯಲ್ಲಿ ತಂಬೂರಿಯ ಒಂದೇ ತಂತಿ ಎರಡು ಸಲ ಮಿಡಿಯುತ್ತದೆ. ಚಿತ್ರದ ಹೆಸರು ಬರುವಾಗ ಮಾತ್ರ ಅಝಾನ್ ಹಾಗೆಯೇ ಉಳಿದಿದೆ. ಹಣ ಹಾಕಿದವರು ಅದನ್ನು ಬಿಟ್ಟುಕೊಡಲಿಲ್ಲವಂತೆ. ಮಶೀನು ಯಾರದೆಂದು ಕೇಳಿದೆವು. ‘ಅಮ್ಮಾಂದೇ, ಚಾಚಾ’ ಎಂದ.