2281ನೆಯ ಕಂಡಿಕೆಯ ಮೌನ

1992ರ ‘ಕಥೋಲಿಕ ಧರ್ಮಸಭೆಯ ಧರ್ಮೋಪದೇಶ’ವು ಆತ್ಮಹತ್ಯೆಯನ್ನು 2280ರಿಂದ 2283ರವರೆಗಿನ ನಾಲ್ಕು ಕಂಡಿಕೆಗಳಲ್ಲಿ ವಿವೇಚಿಸುತ್ತದೆ. ಜೀವಕ್ಕೆ ನಾವು ಪಾಲಕರೇ ಹೊರತು ಒಡೆಯರಲ್ಲವೆಂಬ ಅದರ ನೆಲೆ ಗಟ್ಟಿಯಾದುದು. ತೀವ್ರ ಮನೋವ್ಯಾಧಿ, ಭೀತಿಗಳು ಹೊಣೆಯನ್ನು ತಗ್ಗಿಸಬಲ್ಲವೆಂದು ಒಪ್ಪುವಲ್ಲಿ ಕರುಣೆಯೂ ಇದೆ.

ಆದರೆ 2281ನೆಯ ಕಂಡಿಕೆ ಏಕಮುಖವಾದುದು. ಆತ್ಮಹತ್ಯೆಯು ಕುಟುಂಬ, ರಾಷ್ಟ್ರ, ಸಮಾಜಗಳೊಡನಿರುವ ಬಾಂಧವ್ಯವನ್ನು ಅನ್ಯಾಯವಾಗಿ ಕಡಿಯುತ್ತದೆ ಎನ್ನುತ್ತದೆ. ಸಾಲದಲ್ಲಿ ಮುಳುಗಿದ ರೈತನೊಡನೆ ಆ ಬಾಂಧವ್ಯವನ್ನು ಸಮಾಜವೇ ಮೊದಲು ಕಡಿದಿದ್ದರೆ? ಅಲ್ಲಿ ಉತ್ತರವಿಲ್ಲ. ಅದರ ಸುಳಿವು ಅದೇ ಐದನೆಯ ಆಜ್ಞೆಯ ವಿವರಣೆಯಲ್ಲಿ, ಐದೇ ಕಂಡಿಕೆಗಳ ಆಚೆ ಇದೆ: ಉದ್ದೇಶವಿರಲಿ ಇಲ್ಲದಿರಲಿ, ಆಜ್ಞಾಪಾಲನೆಯನ್ನು ಅಸಾಧ್ಯವಾಗಿಸುವ ಸಾಮಾಜಿಕ ಪರಿಸ್ಥಿತಿಯನ್ನು ಸೃಷ್ಟಿಸುವವರು ದೋಷಿಗಳೆಂದು 2286 ಸಾರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ವ್ಯಕ್ತಿಯ ಆಯ್ಕೆ ಅಳಿಯದೆಯೇ ನಮ್ಮ ಪಾಲೂ ಲೆಕ್ಕಕ್ಕೆ ಬರುತ್ತದೆ. ಇವನ್ನು ನಾನೇ ವರ್ಷಗಳಿಂದ ಬೇರೆಬೇರೆ ಪಾಠಗಳಾಗಿ ಬೋಧಿಸಿದ್ದೇನೆ.