ಹುಳು ನೂತದ್ದನ್ನು ಕರಗಿಸಿ ಮತ್ತೆ ನೂಲುವುದು

ಬರೀ ನೀರಿನಲ್ಲಿರುವ ಪ್ರೋಟೀನಿನಿಂದ, ತಲೆ ಆಡಿಸುತ್ತ ಆಡಿಸುತ್ತಲೇ, ರೇಷ್ಮೆಹುಳು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎಳೆ ನೂಲುತ್ತದೆ. ಅದಕ್ಕೆ ಆಮ್ಲವೂ ಬೇಡ, ಕರೆಂಟೂ ಬೇಡ. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳೆಲ್ಲ ಹೀಗೆ ಆದವೇ. ಪ್ರಯೋಗಾಲಯವಾದರೋ ಅಂಥದೇ ಗೂಡನ್ನು ತಂದು, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಿ, ಲಿಥಿಯಂ ಬ್ರೋಮೈಡಿನಲ್ಲಿ ಕರಗಿಸಿ, ದಿನಗಟ್ಟಲೆ ಆ ಉಪ್ಪನ್ನು ತೊಳೆದು, ಮತ್ತೆ ನೂಲಲು ಕೂರುತ್ತದೆ. ಹೀಗೆ ವಿದ್ಯುತ್ತಿನಿಂದ ಎಳೆ ನೂಲುವ ಎಲೆಕ್ಟ್ರೋಸ್ಪಿನ್ನಿಂಗನ್ನು ಮೆಚ್ಚುವ ಮುಂಚೆ ಈ ಸುತ್ತುದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನೋಡಲು ಸೊಗಸಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಸೂಜಿಯ ತುದಿಯಲ್ಲಿನ ದ್ರಾವಣದ ಹನಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಟ್ಟರೆ ಹನಿ ಶಂಕುವಿನಂತೆ ಚೂಪಾಗುತ್ತದೆ. ಈ ಆಕಾರದ ಗಣಿತವನ್ನು ಜೆಫ್ರಿ ಟೇಲರ್ 1964ರಲ್ಲಿ ಬಿಡಿಸಿದರು. ಅದರ ಮೂತಿಯಿಂದ ಚಿಮ್ಮಿದ ಧಾರೆ ಚಾಟಿಯಂತೆ ಬಳುಕುತ್ತ ಆರಿ, ಗೇಣು ದೂರದ ತಗಡಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಎಳೆಯ ದಪ್ಪ ಕೆಲವು ನೂರು ನ್ಯಾನೋಮೀಟರ್. ಹುಳುವಿನ ಎಳೆ ಇದರ ಮುಂದೆ ಹಗ್ಗ. ಈ ವಿಧಾನ ಹೊಸದೇನಲ್ಲ, ಆಂಟನ್ ಫಾರ್ಮ್‌ಹಾಲ್ಸ್ 1934ರಲ್ಲೇ ಪೇಟೆಂಟ್ ಪಡೆದಿದ್ದರು.

ಆದರೆ ಬಲ? ಹುಳು ಎಳೆಯನ್ನು ಜಗ್ಗಿ ಜಗ್ಗಿ ಅಣುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಈ ಪೊರೆ ಆ ಗಟ್ಟಿತನದ ಹತ್ತಿರಕ್ಕೂ ಸುಳಿಯುವುದಿಲ್ಲ. ಮೆಥನಾಲಿನಂಥದ್ದರಲ್ಲಿ ಹದ ಮಾಡದಿದ್ದರೆ ನೀರನ್ನೂ ತಾಳದು.

ನನ್ನ ದೊಡ್ಡ ತಕರಾರು 'ನೈಸರ್ಗಿಕ' ಎಂಬ ಹಣೆಪಟ್ಟಿಯದು. ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ನೂಲಲು ಟ್ರೈಫ್ಲೋರೋಅಸೆಟಿಕ್ ಆಮ್ಲಕ್ಕೆ ಕೈಚಾಚುವವರೇ ಬಹಳ. ಚರ್ಮದ ಪ್ರೋಟೀನಾದ ಕೊಲಾಜನ್ನಿಗೆ ಫ್ಲೋರಿನ್ ತುಂಬಿದ ಆಲ್ಕೊಹಾಲ್. ಅದರಲ್ಲಿ ಕೊಲಾಜನ್ನಿನ ಮೂರೆಳೆಯ ಹುರಿಯೇ ಬಿಚ್ಚಿಹೋಗುತ್ತದೆ. ಇದು ದುಬಾರಿ ದಾರಿಯಲ್ಲಿ ಜೆಲಾಟಿನ್ ಮಾಡುವುದಲ್ಲವೇ ಎಂದು 2008ರ ಒಂದು ಪ್ರಬಂಧ ಶೀರ್ಷಿಕೆಯಲ್ಲೇ ಕುಟುಕಿತು. ಅಂಗಡಿಯ ಜೆಲಾಟಿನ್ ಪುಡಿಯ ಬೆಲೆ ಗೊತ್ತಿದ್ದವರಿಗೆ ಆ ಕುಟುಕು ಇನ್ನೂ ಚೆನ್ನಾಗಿ ನಾಟುತ್ತದೆ.

ಹಾಗೆಂದು ಇಡೀ ಕಸುಬನ್ನೇ ತಳ್ಳಿಹಾಕಲಾರೆ. ಗಾಳಿ ಸೋಸುವ ಪರದೆಗೆ, ಗಾಯದ ಮೇಲಿನ ಪಟ್ಟಿಗೆ ಹುಳುವಿನ ಬಲ ಬೇಕಿಲ್ಲ, ಸಣ್ಣ ಎಳೆ ಮತ್ತು ಸಂದು ಸಾಕು. ರೇಷ್ಮೆ ಪ್ರೋಟೀನಿಗೆ ಪಾಲಿಎಥಿಲೀನ್ ಆಕ್ಸೈಡ್ ಬೆರೆಸಿ ನೀರಿನಲ್ಲೇ ನೂತ ಸಂಶೋಧಕ ಡೇವಿಡ್ ಕಪ್ಲಾನ್ ಮತ್ತು ಜೊತೆಗಾರರ 2002ರ ಕೆಲಸ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ನೂಲುವುದು ನಿಧಾನವಾದರೂ ಚಿಂತೆಯಿಲ್ಲ. 'ನೈಸರ್ಗಿಕ ನ್ಯಾನೋ ಬಟ್ಟೆ' ಎಂಬ ಸುದ್ದಿ ಕಂಡಾಗ ಮಾತ್ರ, ಎಳೆ ಎಷ್ಟು ಸಣ್ಣ ಎಂಬುದಕ್ಕಿಂತ ಮೊದಲು, ಯಾವುದರಲ್ಲಿ ಕರಗಿಸಿದಿರಿ ಎಂದು ಕೇಳಿ.